ಹಾಸಿನದೊಂದು ಎಳೆ, ಹೊಕ್ಕಿನದೊಂದು ಎಳೆ

ಟೆರಿಲಿನ್ ಅಂಗಿ ತೊಟ್ಟವರನ್ನು ಜನ ಬೀದಿಯಲ್ಲಿ ತಿರುಗಿ ನೋಡುತ್ತಿದ್ದ ದಿನಗಳು ಅವು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಗೆದು ಕೊಡವಿ ತಂತಿಗೆ ಹಾಕಿದರೆ ಗಳಿಗೆಯಲ್ಲಿ ಒಣಗುತ್ತದಂತೆ, ಇಸ್ತ್ರಿಯೂ ಬೇಡವಂತೆ ಎಂದು ನಮ್ಮ ಅಜ್ಜಂಪುರದ ದೊಡ್ಡವರು ಪವಾಡ ಕಂಡವರ ಹಾಗೆ ಹೇಳಿಕೊಳ್ಳುತ್ತಿದ್ದರು. ಸಂತೆಯಲ್ಲಿ ಗಂಟು ಬಿಚ್ಚುವ ಬಟ್ಟೆ ವ್ಯಾಪಾರಿಗಳಂತೂ ಏನು ಕೇಳಿದರೂ ‘ಪ್ಯೂರ್’ ಎನ್ನುತ್ತಿದ್ದರು. ಹತ್ತಿಯೂ ಪ್ಯೂರ್, ರೇಷ್ಮೆಯೂ ಪ್ಯೂರ್, ಎರಡೂ ಅಲ್ಲದ್ದು ಇನ್ನೂ ಪ್ಯೂರ್. ಹಾಗೆ ಕೊಂಡ ಬಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಯಾರಿಗೂ ಕಾಣದ ಹಾಗೆ ಹೆಂಗಸರು ನಮ್ಮ ಮನೆಯ ಜಗಲಿಗೆ ಬರುತ್ತಿದ್ದರು. ಅಲ್ಲಿ ಹೊಲಿಗೆ ಮಿಷನ್ನಿನ ಹಿಂದೆ ಗಿರಿಜತ್ತೆ ಕೂತಿರುತ್ತಿದ್ದಳು.

ಗಿರಿಜತ್ತೆ ನನ್ನ ಅಪ್ಪನ ತಂಗಿ. ತರೀಕೆರೆಯಲ್ಲಿ ಆರು ತಿಂಗಳು ಹೊಲಿಗೆ ಕಲಿತು ಬಂದವಳು. ಅಲ್ಲಿಂದ ಒಂದು ಒಳ್ಳೆಯ ಕತ್ತರಿಯನ್ನೂ, ಬಟ್ಟೆಯ ಎಳೆ ಸುಟ್ಟು ಅದರ ಮೂಲ ಹೇಳುವ ವಿದ್ಯೆಯನ್ನೂ ತಂದಿದ್ದಳು. ಬಟ್ಟೆ ಯಾವುದೆಂದು ತಿಳಿಯದೆ ಕೆಂಡದ ಇಸ್ತ್ರಿ ಪೆಟ್ಟಿಗೆ ಇಟ್ಟರೆ ನೈಲಾನ್ ಅದರ ತಳಕ್ಕೇ ಅಂಟಿಕೊಂಡು ಮೇಲೇಳುತ್ತಿತ್ತು. ಹತ್ತಿಯನ್ನು ನೆನೆಸದೆ ಕತ್ತರಿಸಿದರೆ ಮೊದಲ ಒಗೆತಕ್ಕೇ ರವಿಕೆ ಗೇಣುದ್ದವಾಗುತ್ತಿತ್ತು. ಆದ್ದರಿಂದ ಅವಳ ಹತ್ತಿರ ಮೊದಲು ಬೆಂಕಿ, ಆಮೇಲೆ ಕತ್ತರಿ. ನನಗೆ ಆಗ ಹತ್ತು ವರ್ಷ. ಆ ಬೇಸಿಗೆ ರಜದಲ್ಲಿ ಅವಳ ಹಣತೆ ಹಚ್ಚುವ ಕೆಲಸ ನನ್ನದಾಯಿತು, ಮತ್ತು ನನ್ನ ಪ್ರಕಾರ ಊರಿನಲ್ಲಿ ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿರಲಿಲ್ಲ.

ಸೀಮೆಎಣ್ಣೆ ಬುಡ್ಡಿಯನ್ನು ಅತ್ತೆ ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಅದರ ನಾತಕ್ಕೆ ಬೇರೆ ವಾಸನೆಯೇ ತಿಳಿಯುವುದಿಲ್ಲ ಎಂದು ಹರಳೆಣ್ಣೆಯ ಹಣತೆಯನ್ನೇ ಹಚ್ಚಿಸುತ್ತಿದ್ದಳು. ಪಕ್ಕದಲ್ಲಿ ಒಂದು ಬಟ್ಟಲು ನೀರು. ಮುಳ್ಳು ಕೀಳುವ ಚಿಮಟದಲ್ಲಿ ಎಳೆಯನ್ನು ಹಿಡಿದು ಜ್ವಾಲೆಯ ಬದಿಗೆ ತಂದು, “ಮೂಗು ಬಿಡು, ಕಣ್ಣು ಬಿಡು, ಬಾಯಿ ಮುಚ್ಕೊ” ಎನ್ನುತ್ತಿದ್ದಳು. ಮೂರನೆಯದು ನನಗೆ ಕಷ್ಟವಾಗುತ್ತಿತ್ತು.

ಹತ್ತಿಯ ಎಳೆ ಕರೆಯುವುದಕ್ಕೇ ಕಾದಿದ್ದಂತೆ ಹತ್ತಿಕೊಳ್ಳುತ್ತಿತ್ತು. ಜ್ವಾಲೆ ಆರಿದ ಮೇಲೂ ತುದಿಯಲ್ಲಿ ಕೆಂಪು ಕಿಡಿ ಮೆಲ್ಲಗೆ ತೆವಳುತ್ತಾ ಹೋಗುತ್ತಿತ್ತು. ಕಾಗದ ಸುಟ್ಟ ವಾಸನೆ, ಬೂದಿ ಮೆತ್ತಗೆ, ಉಸಿರು ತಾಗಿದರೆ ಹಾರಿಹೋಗುವಷ್ಟು. ಕಂಬಳಿಯ ಉಣ್ಣೆಗೆ ಉರಿಯುವ ಮನಸ್ಸೇ ಇರುತ್ತಿರಲಿಲ್ಲ. ಮುದುಡಿ, ಚಿಟಿಚಿಟಿ ಎಂದು, ಬೆಂಕಿಯಿಂದ ತೆಗೆದ ಕೂಡಲೇ ಆರಿ, ಕೂದಲು ಸುಟ್ಟ ವಾಸನೆ ಬಿಡುತ್ತಿತ್ತು. ರೇಷ್ಮೆಗೂ ಅದೇ ವಾಸನೆ, ಸ್ವಲ್ಪ ತೆಳು. ತುದಿಯ ಕರಿ ಗುಂಡನ್ನು ಬೆರಳಲ್ಲಿ ಹಿಸುಕಿದರೆ ಕಾಡಿಗೆಯ ಹಾಗೆ ಪುಡಿಯಾಗುತ್ತಿತ್ತು. ನೈಲಾನ್ ಕರಗಿ ತೊಟ್ಟಿಕ್ಕಿ ಬಟ್ಟಲ ನೀರಿನಲ್ಲಿ ಚುಂಯ್ ಎನ್ನುತ್ತಿತ್ತು. ಅದು ಬಿಡುತ್ತಿದ್ದುದು ಸೊಪ್ಪು ಬೇಯಿಸಿದಂಥ ವಾಸನೆ. ಟೆರಿಲಿನ್ ಕರಿ ಹೊಗೆ ಕಾರಿ, ಕಲ್ಲಿನಂಥ ಒಂದು ಮಣಿಯಾಗಿ ಕೂರುತ್ತಿತ್ತು. ಎಷ್ಟು ಹಿಸುಕಿದರೂ ಒಡೆಯದು.

ಆರ್ಟ್ ಸಿಲ್ಕ್ ಎಂಬುದೊಂದಿತ್ತು, ನಕಲಿ ರೇಷ್ಮೆ. ಹೊಳಪಿನಲ್ಲಿ ರೇಷ್ಮೆಯನ್ನೂ ಮೀರಿಸುತ್ತಿತ್ತು. ಬೆಂಕಿಗೆ ಹಿಡಿದರೆ ಮಾತ್ರ ಹತ್ತಿಯ ಹಾಗೆ ಭಗ್ಗನೆ ಉರಿದು ಕಾಗದದ ವಾಸನೆ ಬಿಡುತ್ತಿತ್ತು.

“ಒಂದೇ ಎಳೆ ನೋಡಿ ಯಾವತ್ತೂ ಮಾತಾಡ್ಬೇಡ. ಉದ್ದಕ್ಕಿರೋ ಹಾಸಿನದೊಂದು ತಗೋ, ಅಡ್ಡಕ್ಕಿರೋ ಹೊಕ್ಕಿನದೊಂದು ತಗೋ. ಎರಡೂ ಸುಟ್ಮೇಲೆ ಬಾಯಿ ಬಿಡು” ಎನ್ನುತ್ತಿದ್ದಳು ಅತ್ತೆ.

ಮಧ್ಯಾಹ್ನಗಳು ಹೀಗೇ ಕರಗಿಹೋಗುತ್ತಿದ್ದವು. ಬೀದಿಯಲ್ಲಿ ನಾಯಿಯೂ ಅಲುಗುತ್ತಿರಲಿಲ್ಲ. ಶಿವನಿ ಕಡೆಯಿಂದ ಬರುವ ರೈಲಿನ ಕೂಗು ಬಿಸಿಲಿನಲ್ಲಿ ನೆನೆದು ಬಂದಂತೆ ಕೇಳಿಸುತ್ತಿತ್ತು. ಅತ್ತೆ ಮಂಡಕ್ಕಿಗೆ ಈರುಳ್ಳಿ, ಖಾರದಪುಡಿ, ಒಂದು ಹನಿ ಎಣ್ಣೆ ಕಲಸಿ ಕೊಡುತ್ತಿದ್ದಳು. ನಾನು ಚೂರುಬಟ್ಟೆಯ ರಾಶಿಯ ಮೇಲೆ ಅಂಗಾತ ಮಲಗಿ, ಕಣ್ಣು ಮುಚ್ಚಿಕೊಂಡು, ಅವಳು ಹಿಡಿದ ಎಳೆ ಯಾವುದೆಂದು ಬರೀ ಮೂಗಿನಿಂದ ಹೇಳುತ್ತಿದ್ದೆ. ಸರಿಯಾದರೆ ಅವಳು ಮಿಷನ್ನಿನ ಚಕ್ರವನ್ನು ಒಂದು ಸುತ್ತು ತಿರುಗಿಸಿ ಟರ್ ಎನ್ನಿಸುತ್ತಿದ್ದಳು. ತಪ್ಪಾದರೆ ಮೂಗು ಹಿಂಡುತ್ತಿದ್ದಳು. ನಾನು ಅರೆನಿದ್ದೆಯಲ್ಲಿ, ಈ ಜಗತ್ತು ಹೀಗೇ ಇರುತ್ತದೆ, ನಾನೂ ಅತ್ತೆಯೂ ಮುದುಕಿಯರಾಗುವವರೆಗೆ ಇದೇ ಜಗಲಿಯ ಮೇಲೆ ಎಳೆ ಸುಡುತ್ತಿರುತ್ತೇವೆ ಎಂದುಕೊಳ್ಳುತ್ತಿದ್ದೆ.

ಆ ರಜದ ನಡುವೆ ಕಡೂರಿನ ಕಡೆಯಿಂದ ಅತ್ತೆಗೆ ಸಂಬಂಧ ಕೂಡಿಬಂತು. ಅಂಚೆ ಕಚೇರಿಯ ಗುಮಾಸ್ತ, ತಂದೆ ಇಲ್ಲ, ತಾಯಿಯೊಬ್ಬರೇ. ಒಮ್ಮೆ ಬಂದು ನೋಡಿ ಹೋಗಿದ್ದರು. ಆ ದಿನ ನಾನು ಬೇಕೆಂದೇ ಅವರ ಚಪ್ಪಲಿಗಳನ್ನು ಅದಲುಬದಲು ಇಟ್ಟಿದ್ದೆ. ಆದರೂ ಅವರು ಒಪ್ಪಿದರು. ವೀಳ್ಯ ಬದಲಿಸಿ ಮದುವೆ ಗಟ್ಟಿ ಮಾಡುವ ವೀಳ್ಯಶಾಸ್ತ್ರಕ್ಕೆ ದಿನ ಗೊತ್ತಾಯಿತು.

ನಮ್ಮಲ್ಲಿ ವೀಳ್ಯಶಾಸ್ತ್ರದ ದಿನ ಗಂಡಿನ ಕಡೆಯವರು ತಟ್ಟೆಯಲ್ಲಿ ತಂದ ಸೀರೆಯನ್ನು ಹೆಣ್ಣು ಒಳಗೆ ಹೋಗಿ ಉಟ್ಟುಕೊಂಡು ಬರಬೇಕು. ಅದು ರೇಷ್ಮೆಯೇ ಆಗಿರಬೇಕೆಂಬುದು ಅಜ್ಜಿಯ ಹಟ. ಎರಡು ವರ್ಷದ ಹಿಂದೆ ಬಂದಿದ್ದ ಒಂದು ಸಂಬಂಧ ಇದೇ ವಿಷಯಕ್ಕೆ ಮುರಿದುಬಿದ್ದಿತ್ತು. ಅಜ್ಜಿಗೆ ಅನುಮಾನ ಬಂದು ಅತ್ತೆಯ ಕೈಯಲ್ಲೇ ಎಳೆ ಸುಡಿಸಿದ್ದಳು. ಅತ್ತೆ ಕಂಡದ್ದನ್ನು ಕಂಡಹಾಗೆ ಹೇಳಿದಳು. “ಮೊದಲ ಸೀರೇಲೇ ಮೋಸ ಮಾಡೋರು ನಾಳೆ ಇನ್ನೇನ್ ಮಾಡಲ್ಲ?” ಎಂದು ಅಜ್ಜಿ ತಟ್ಟೆಯನ್ನು ಹಾಗೇ ವಾಪಸು ಕಳಿಸಿದಳು. ಮದುಮಗಳೇ ತನ್ನ ಸೀರೆ ಸುಟ್ಟಳಂತೆ ಎಂದು ಊರೆಲ್ಲ ಆಡಿಕೊಂಡಿತು. ಆಮೇಲೆ ಎರಡು ವರ್ಷ ಯಾರೂ ನಮ್ಮ ಮನೆಗೆ ಹೆಣ್ಣು ಕೇಳಿಕೊಂಡು ಬಂದಿರಲಿಲ್ಲ.

ಈ ಸಲ ಅಜ್ಜಿ ಜಾಣೆಯಾದಳು. ಶಾಸ್ತ್ರದ ದಿನ ಬೆಳಿಗ್ಗೆ ನನ್ನ ಹಣೆಗೆ ವಿಭೂತಿ ಹಚ್ಚುತ್ತಾ ಕಿವಿಯಲ್ಲಿ ಹೇಳಿದಳು. “ಸೀರೆ ಒಳಗೆ ಬಂದ ತಕ್ಷಣ ಉಗ್ರಾಣದಲ್ಲಿ ನೀನೇ ಸುಟ್ಟು ನೋಡು. ನಿಮ್ಮತ್ತೆಗೆ ಹೇಳ್ಬೇಡ. ರೇಷ್ಮೆ ಅಲ್ದಿದ್ರೆ ನಾನು ಊಟಕ್ಕೆ ಎಲೆ ಹಾಕೋಕೂ ಬಿಡಲ್ಲ ಅವ್ರಿಗೆ.”

ನಾನು ಹೂಂ ಎಂದೆ. ನನ್ನ ಮನಸ್ಸಿನಲ್ಲಿ ಏನಿದೆ ಎಂದು ಅಜ್ಜಿಗೆ ತಿಳಿದಿರಲಿಲ್ಲ. ದೇವರೇ, ಅದು ನಕಲಿ ಆಗಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಮನೆಯೆಲ್ಲ ಒಬ್ಬಟ್ಟಿನ ತುಪ್ಪದ ಘಮ. ಗಂಡಿನ ಕಡೆಯವರು ಹಾಸಿದ ಜಮಖಾನದ ಮೇಲೆ ಕೂತಿದ್ದರು. ಗಂಡಿನ ತಾಯಿ ತಟ್ಟೆ ಕೊಟ್ಟಾಗ, ಅಜ್ಜಿ ಅದರಿಂದ ಸೀರೆಯನ್ನೆತ್ತಿ ನನ್ನ ಕೈಗಿಟ್ಟು ಕಣ್ಣು ಮಿಟುಕಿಸಿದಳು. ಗಿಣಿಹಸಿರಿನ ಸೀರೆ, ಕೆಂಪು ಅಂಚು. ಉಗ್ರಾಣದಲ್ಲಿ ರಾಗಿ ಚೀಲಗಳ ಹಿಂದೆ ಹಣತೆ ಹಚ್ಚಿಟ್ಟಿದ್ದೆ. ಒಳಸೆರಗಿನ ತುದಿಯಲ್ಲಿ ಅಡ್ಡಕ್ಕೆ ಒಂದು ಎಳೆ ತಾನಾಗಿ ಬಿಚ್ಚಿಕೊಂಡಿತ್ತು. ಅದನ್ನು ಕಿತ್ತು ಚಿಮಟದಲ್ಲಿ ಹಿಡಿದೆ.

ಎಳೆ ಭಗ್ಗನೆ ಹತ್ತಿಕೊಂಡಿತು. ಕಿಡಿ ತೆವಳಿತು. ಕಾಗದದ ವಾಸನೆ. ಬೂದಿ ನನ್ನ ಉಸಿರಿಗೇ ಹಾರಿಹೋಯಿತು. ಅಷ್ಟು ಸಂತೋಷ ನನಗೆ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಸೀರೆ ಉಡಲು ಅತ್ತೆ ಒಳಗೆ ಬಂದಳು. ಹಣತೆಯನ್ನು ನೋಡಿದಳು, ನನ್ನ ಮುಖ ನೋಡಿದಳು.

“ಅಜ್ಜಿ ಹೇಳಿದ್ರಾ?”

“ಹೂಂ. ಆರ್ಟ್ ಸಿಲ್ಕ್ ಕಣತ್ತೆ! ಬರೀ ಪೇಪರ್ ವಾಸನೆ!” ನಾನು ಕುಣಿಯುವುದೊಂದು ಬಾಕಿ.

ಅತ್ತೆ ರಾಗಿ ಚೀಲದ ಮೇಲೆ ಕೂತಳು. ಸೀರೆಯ ಅಂಚನ್ನು ಬೆರಳಲ್ಲಿ ಸವರಿದಳು. ಆಮೇಲೆ, “ಯಾವ ಎಳೆ ತಗೊಂಡೆ?” ಎಂದಳು.

“ಅಡ್ಡಕ್ಕಿದ್ದಿದ್ದು.”

“ಹೊಕ್ಕು. ಮತ್ತೆ ಹಾಸು?”

ನಾನು ತಲೆ ತಗ್ಗಿಸಿದೆ. ಸಂತೋಷದಲ್ಲಿ ಅದು ನೆನಪಿಗೇ ಬಂದಿರಲಿಲ್ಲ. ಅತ್ತೆ ಸೀರೆಯ ತುದಿಯಿಂದ ಉದ್ದದ ಒಂದು ಎಳೆಯನ್ನು ಉಗುರಿನಲ್ಲಿ ಎಳೆದು ಜ್ವಾಲೆಗೆ ಹಿಡಿದಳು. ಎಳೆ ಮುದುಡಿತು, ಹಿಂದೆ ಸರಿಯಿತು, ಆರಿತು. ಉಗ್ರಾಣದ ರಾಗಿಯ ವಾಸನೆಯ ನಡುವೆ ತೆಳ್ಳಗೆ ಕೂದಲು ಸುಟ್ಟ ವಾಸನೆ ಎದ್ದಿತು. ತುದಿಯ ಕರಿ ಗುಂಡು ಅವಳ ಬೆರಳಲ್ಲಿ ಪುಡಿಯಾಯಿತು.

“ಹಾಸು ರೇಷ್ಮೆ. ಹೊಕ್ಕು ಮಾತ್ರ ಅಲ್ಲ” ಎಂದಳು. “ಆಯಮ್ಮನ ಕೈಲಾಗಿದ್ದು ಅಷ್ಟೇ ಅಂತ ಕಾಣುತ್ತೆ ಕಣೇ. ಮಗನ ಶಾಸ್ತ್ರಕ್ಕೆ ತಾನು ಹತ್ತಿ ಸೀರೆ ಉಟ್ಕೊಂಡು ಬಂದವ್ರೆ, ಅದಕ್ಕೂ ಅಂಚಲ್ಲಿ ರಫೂ ಹಾಕವ್ರೆ. ನೋಡಿದ್ಯಾ?”

ನಾನು ನೋಡಿರಲಿಲ್ಲ. ಅತ್ತೆಗೆ ಹೊಲಿಗೆ ಎಲ್ಲಿದ್ದರೂ ಕಾಣುತ್ತಿತ್ತು.

“ಅಜ್ಜಿಗೆ ಏನು ಹೇಳ್ಲಿ?”

“ನಿಂಗೆ ಏನು ಗೊತ್ತಾಯ್ತೋ ಅದನ್ನ ಹೇಳು” ಎಂದು ಅವಳು ಸೀರೆ ಬಿಡಿಸಿ ನೆರಿಗೆ ಹಿಡಿಯತೊಡಗಿದಳು. ಎಂಥ ಜಾರುವ ಬಟ್ಟೆಯನ್ನೂ ನೆಟ್ಟಗೆ ಕತ್ತರಿಸುವ ಆ ಬೆರಳುಗಳಲ್ಲಿ ಆ ದಿನ ನೆರಿಗೆ ನಿಲ್ಲುತ್ತಿರಲಿಲ್ಲ.

ನಾನು ಬಾಗಿಲು ಮುಂದೆ ಮಾಡಿ ಹೊರಗೆ ಬಂದೆ. ಅಜ್ಜಿ ಅಲ್ಲೇ ನಿಂತಿದ್ದಳು.

“ಏನಾಯ್ತೇ?”

ಪೇಪರ್ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ತಟ್ಟೆ ಹಿಂದಕ್ಕೆ ಹೋಗುತ್ತಿತ್ತು, ಜಗಲಿ, ಮಿಷನ್ನು, ಅತ್ತೆ ಎಲ್ಲವೂ ನನಗೇ ಉಳಿಯುತ್ತಿದ್ದವು. ಆ ಮಾತು ನನ್ನ ನಾಲಿಗೆಯ ಮೇಲೇ ಇತ್ತು. ಪಡಸಾಲೆಯಲ್ಲಿ ಯಾರೋ ನಗುತ್ತಿದ್ದರು. ಒಳಗೆ ಬಳೆಯ ಸದ್ದು ನಿಂತುಹೋಗಿತ್ತು.

“ಕೂದ್ಲು ಸುಟ್ಟ ವಾಸನೆ ಬಂತಜ್ಜಿ” ಎಂದೆ.

ಅಜ್ಜಿಯ ಮುಖ ಅರಳಿತು. “ನನ್ನ ಬಂಗಾರ!” ಎಂದು ಕೆನ್ನೆ ಸವರಿ ಲಟಿಕೆ ಮುರಿದು ಪಡಸಾಲೆಗೆ ಹೋದಳು. ನಾನು ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಯಾಕೆ ಹಾಗೆ ಹೇಳಿದೆ ಎಂದು ಇಂದಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಆ ನಿಲ್ಲದ ನೆರಿಗೆಗಳನ್ನು ನೋಡಬಾರದಿತ್ತು, ಅಷ್ಟೇ.

ಮಳೆಗಾಲಕ್ಕೆ ಮುಂಚೆ ಮದುವೆಯಾಯಿತು. ಮಿಷನ್ನು ಎತ್ತಿನ ಗಾಡಿಯಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಯಿತು, ಅದರ ಹಿಂದೆಯೇ ಅತ್ತೆ. ಜಗಲಿಯ ಮೇಲೆ ಮಿಷನ್ನಿನ ಕಾಲು ಊರಿದ್ದ ನಾಲ್ಕು ಗುರುತು ಉಳಿದವು. ಎಷ್ಟೋ ದಿನದವರೆಗೆ ಹೆಂಗಸರು ಸೆರಗಿನಲ್ಲಿ ಬಟ್ಟೆ ಮುಚ್ಚಿಕೊಂಡು ಬಂದು, “ಗಿರಿಜಮ್ಮ ಇಲ್ವೇನೇ?” ಎಂದು ಕೇಳುತ್ತಿದ್ದರು. “ಇಲ್ಲ, ಮದ್ವೆ ಆಗಿ ಹೋದ್ರು” ಎನ್ನುತ್ತಿದ್ದೆ. ಕಳಿಸಿದವಳು ನಾನು ಎಂಬುದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಈಗ ನನ್ನ ಬೀರುವಿನಲ್ಲಿರುವ ಬಟ್ಟೆಗಳಲ್ಲಿ ಮುಕ್ಕಾಲು ಪಾಲು ಯಾವುದರಿಂದ ಆದವೆಂದು ನನಗೆ ಗೊತ್ತಿಲ್ಲ. ಕತ್ತಿನ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಕನ್ನಡಕ ಹಾಕಿಕೊಂಡು ಓದುವುದಕ್ಕೆ ಬೇಸರ. ಒಂದು ಎಳೆಗಾಗಿ ಮಧ್ಯಾಹ್ನವಿಡೀ ಕಾಯುವವರು ಯಾರೂ ಇಲ್ಲ. ನನ್ನ ಮೂಗೂ ಮೊದಲಿನಂತಿಲ್ಲ. ಹಣತೆಯ ಮುಂದೆ ಕೂತು ಸುಮ್ಮನಿರುವ ಅಂಥ ಹೊತ್ತು ಮತ್ತೆ ನನಗೆ ಸಿಗಲಿಲ್ಲ. ಅತ್ತೆಯೂ ಈಗಿಲ್ಲ.

ಅವಳು ಹೋಗುವ ಎರಡು ವರ್ಷ ಮೊದಲು, ಕಡೂರಿನ ಅವಳ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ, ಆ ದಿನದ ಮಾತನ್ನು ನಾನೇ ತೆಗೆದೆ. ನಿನಗಾಗಿ ಅಜ್ಜಿಯ ಹತ್ತಿರ ಅರ್ಧ ಸುಳ್ಳು ಹೇಳಿದೆ, ನಿನ್ನನ್ನು ಬಿಟ್ಟುಕೊಟ್ಟೆ, ಎಷ್ಟು ಅತ್ತುಬಿಟ್ಟೆ ಗೊತ್ತಾ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಂಡೆ.

ಅತ್ತೆ ನಕ್ಕಳು. “ಅಜ್ಜಿ ಕೇಳ್ದಾಗ ನೀನು ಸುಮ್ನೆ ನಿಂತ್ಬಿಟ್ಟಿದ್ದೆಯಲ್ಲ, ನಾನು ಬಾಗಿಲ ಹಿಂದೆ ಉಸಿರು ಹಿಡ್ಕೊಂಡು ನಿಂತಿದ್ದೆ ಕಣೇ” ಎಂದಳು. “ನೀನೇನಾದ್ರೂ ಪೇಪರ್ ಅಂದಿದ್ರೆ, ನಾನು ಹಂಗೇ ಆ ಸೀರೆ ಉಟ್ಕೊಂಡು ಹೊರಗೆ ಬಂದು ನಿಮ್ಮ ಮಾವನ ಪಕ್ಕ ಕೂತ್ಬಿಡ್ತಿದ್ದೆ. ಅಷ್ಟು ಇಷ್ಟ ಆಗಿದ್ರು ನಂಗೆ.”

ನಾನು ಕಾಳು ಸುಲಿಯುವುದನ್ನು ನಿಲ್ಲಿಸಿದೆ. ಅವಳಿಗೆ ನಮ್ಮ ಮನೆ ಬಿಟ್ಟು ಹೋಗುವ ಆಸೆ ಇದ್ದಿರಬಹುದೆಂದು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ನಾನು ಏನು ಹೇಳಿದ್ದರೂ ಅವಳು ಹೊರಡುವವಳಿದ್ದಳು.