ಸಾರ್‌ನ ಕಳ್ಸಿ

ನಮ್ಮ ಅತ್ತಿಗೆ ಪ್ರೇಮಲತಾ ಗುಬ್ಬಿಯ ಮನೆಯಲ್ಲೇ ಕೂತು ಮದುವೆ ವಿಡಿಯೊಗಳನ್ನು ಎಡಿಟ್ ಮಾಡುತ್ತಾಳೆ. ಊರ್ಡಿಗೆರೆಯವಳು. ಅವಳ ಮದುವೆಯ ವಿಡಿಯೊದಲ್ಲಿ, ಒಲೆಯ ಮುಂದೆ ಬೆವರು ಸುರಿಸಿದ ಅವಳ ಚಿಕ್ಕಮ್ಮಂದಿರು ಒಂದು ಕ್ಷಣವೂ ಕಾಣಲಿಲ್ಲ. ನಮ್ಮ ಕಡೆಯ ಕಾರುಗಳು ಮಾತ್ರ ಬಂದು ಬಂದು ಹೋದವು. ಆ ಸಿಟ್ಟಿಗೇ ಈ ಕೆಲಸ ಕಲಿತಳು. ಕುಣಿಗಲ್‌ನ ಸ್ಟುಡಿಯೊದವರು ಕಳಿಸುವ ಮದುವೆಗಳು ಅವಳ ಕೈಯಿಂದ ಹೊರಬರುವಾಗ ಅವುಗಳಲ್ಲಿ ಎಲೆ ಹಾಕುವವರ ಮುಖವೂ ಇರುತ್ತದೆ. ಅವಳ ಗಂಡ, ಅಂದರೆ ನಮ್ಮ ಅಣ್ಣ ಜಯಪ್ರಕಾಶ್, ವಸಂತನರಸಾಪುರದಲ್ಲಿ ಕಾರ್ಖಾನೆ ಕೆಲಸಕ್ಕೆ ಹೋಗುತ್ತಾನೆ. ಅವಳ ಕಂಪ್ಯೂಟರಿಗೂ ಅವನಿಗೂ ಇದ್ದ ಸಂಬಂಧ ಇಷ್ಟೇ: ಮನೆಗೆ ಬಂದ ತಕ್ಷಣ ಅದರ ಮೇಲೆ ಹೆಲ್ಮೆಟ್ ಇಡುತ್ತಿದ್ದ.

ಆ ಕಂಪ್ಯೂಟರಿಗೆ ವಯಸ್ಸಾಗಿತ್ತು. ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ಏದುಸಿರು ಬಿಡುತ್ತಾ ನಿಂತುಬಿಡುತ್ತಿತ್ತು. ಇನ್ನೊಂದು ವಿಡಿಯೊ ತಡವಾದರೆ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದು ಸ್ಟುಡಿಯೊದವರು ಖಡಾಖಂಡಿತವಾಗಿ ಹೇಳಿದರು. ಹೊಸ ಕಂಪ್ಯೂಟರಿನ ಮಾತನ್ನು ಮನೆಯಲ್ಲಿ ಎತ್ತುವಂತೆಯೇ ಇರಲಿಲ್ಲ. ಅತ್ತಿಗೆ ಪಕ್ಕದ ತಗಡು ಬಿಚ್ಚಿ, ಧೂಳು ಒರೆಸಿ, ಮದರ್‌ಬೋರ್ಡಿನ ಮೇಲೆ ಅಚ್ಚಾಗಿದ್ದ ಮಾಡೆಲ್ ಹೆಸರು ಓದಿಕೊಂಡು, ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿದಳು. ಅವಳಿಗೆ ಬೇಕಾದ ವೇಗದ ಪ್ರೊಸೆಸರ್ ಈ ಹಳೇ ಬೋರ್ಡಿಗೂ ಆಗುತ್ತಿತ್ತು. ಆದರೆ ಬೋರ್ಡಿನೊಳಗೆ ಬಯೋಸ್ ಎಂಬ ಪುಟ್ಟ ಸಾಫ್ಟ್‌ವೇರ್ ಇರುತ್ತದಂತೆ, ಮೊದಲು ಅದನ್ನು ಅಪ್‌ಡೇಟ್ ಮಾಡಬೇಕು, ಅದೂ ಹಳೇ ಪ್ರೊಸೆಸರ್ ಜಾಗದಲ್ಲಿರುವಾಗಲೇ. ಇಲ್ಲದಿದ್ದರೆ ಬೋರ್ಡಿಗೆ ಹೊಸದರ ಗುರುತೇ ಹತ್ತುವುದಿಲ್ಲ.

ತುಮಕೂರಿನ ಗುರುಪ್ರಕಾಶನ ಅಂಗಡಿಗೆ ಅತ್ತಿಗೆ-ನಾದಿನಿ ನಾವಿಬ್ಬರೇ ಕಂಪ್ಯೂಟರ್ ಹೊತ್ತುಕೊಂಡು ಹೋದೆವು. ಪ್ರೊಸೆಸರ್ ಅಲ್ಲೇ ಕೊಂಡರೆ ಅಪ್‌ಡೇಟ್ ಮಾಡಿ ಹಾಕಿಕೊಡುವ ಕೆಲಸ ಅವನದೇ. ಅತ್ತಿಗೆ ಓದಿದ್ದನ್ನೆಲ್ಲ ಬಿಡಿಸಿ ಹೇಳಿದಳು. ಆ ಮಹಾನುಭಾವ ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಸಾಕೆಟ್ ಒಂದೇ ಮೇಡಂ, ಕೂರುತ್ತೆ ಬುಡಿ" ಎಂದ.

ಕೂತಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು. ಬೋರ್ಡು ಸತ್ತಿದೆ, ಹೊಸದು ಹಾಕಿಸಬೇಕು ಎಂದು ತೀರ್ಪು ಕೊಟ್ಟ. ಅತ್ತಿಗೆ ಮತ್ತೆ ಬಯೋಸ್ ವಿಷಯ ತೆಗೆದಳು. ಅವಳನ್ನು ನೋಡದೆ ನನಗೆ ಹೇಳಿದ: "ಸಾರ್‌ನ ಕಳ್ಸಿ. ಅವ್ರಿಗೆ ಅರ್ಥ ಮಾಡಿಸ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಅರ್ಥವಾದವಳು ಎದುರಿಗೇ ನಿಂತಿದ್ದಾಳೆ, ಪೆನ್‌ಡ್ರೈವ್ ಯಾವ ಕಡೆ ಚುಚ್ಚಬೇಕೆಂದು ಗೊತ್ತಿಲ್ಲದ ಅಣ್ಣನನ್ನು ಕಳಿಸಬೇಕಂತೆ!

ಮರುದಿನ ಸಾರ್ ಬಂದರು. ಗುರುಪ್ರಕಾಶ ಕುರ್ಚಿ ಹಾಕಿ, ಟೀ ತರಿಸಿ, ಅರ್ಥ ಮಾಡಿಸಿದ. ಅಣ್ಣ ಎಲ್ಲದಕ್ಕೂ ತಲೆಯಾಡಿಸಿದ. ಆಮೇಲೆ ನಿಂತೇ ಇದ್ದ ಹೆಂಡತಿಯ ಕಡೆ ತಿರುಗಿ, ಬೋರ್ಡು ಹೋಗಿದೆಯಂತೆ ಎಂದು ಹೊಸ ಸುದ್ದಿ ತಿಳಿಸಿದ. ಅಂಗಡಿಯವನಿಗಿಂತ ನನ್ನ ಒಡಹುಟ್ಟಿದವನ ಮೇಲೇ ನನಗೆ ಹೆಚ್ಚು ಸಿಟ್ಟು ಬಂತು.

"ಬೋರ್ಡ್ ಬ್ಯಾಡ. ನನ್ ಹಳೇ ಪ್ರೊಸೆಸರ್ ಕೊಡಿ" ಎಂದಳು ಅತ್ತಿಗೆ.

ಅದು ಗುಜರಿ ಡಬ್ಬಕ್ಕೆ ಹೋಯಿತು, ಹುಡುಕುವುದಕ್ಕೆ ಪುರುಸೊತ್ತಿಲ್ಲ ಎಂದ ಅವನು. ಅತ್ತಿಗೆ ತಾನೇ ಹೋಗಿ, ಗಿರಾಕಿಗಳೆಲ್ಲ ನೋಡುತ್ತಿರುವಾಗಲೇ ಆ ಡಬ್ಬವನ್ನು ಅವನ ಮೇಜಿನ ಮೇಲೆ ಬೋರಲು ಹಾಕಿದಳು. ತನ್ನದನ್ನು ಹೆಕ್ಕಿ, ಅಂಚು ಹಿಡಿದು ಎತ್ತಿಕೊಂಡು, ಕಂಪ್ಯೂಟರ್ ಹೊರಿಸಿಕೊಂಡು ಹೊರಟಳು. ಹೊತ್ತದ್ದು ಅಣ್ಣ. ಅಷ್ಟಕ್ಕಾದರೂ ಒದಗಿದನಲ್ಲ.

ಮನೆಯಲ್ಲಿ ಹಳೆಯದನ್ನು ಮತ್ತೆ ಕೂರಿಸಿದಳು. ಪರದೆ ಹತ್ತಿಕೊಂಡಿತು. ಬೋರ್ಡು ಸತ್ತಿರಲೇ ಇಲ್ಲ! ಅಪ್‌ಡೇಟ್ ಶುರು ಮಾಡಿದಳು. ನಡುವೆ ಕರೆಂಟು ಹೋದರೆ ಬೋರ್ಡು ನಿಜವಾಗಿಯೂ ಹೋಗುತ್ತದೆ ಎಂದಿದ್ದಳು. ನಾನು ತಲೆಯ ಮೇಲಿನ ಫ್ಯಾನನ್ನೇ ನೋಡುತ್ತಾ ನಿಂತೆ. ಅದು ತಿರುಗುತ್ತಲೇ ಇತ್ತು. ಆಮೇಲೆ ಹೊಸ ಪ್ರೊಸೆಸರ್ ಹಾಕಿದಳು, ಬೋರ್ಡು ಅದರ ಗುರುತು ಹಿಡಿಯಿತು. ಕುಣಿಗಲ್‌ನ ಮದುವೆಯಲ್ಲಿ ತಾಳಿ ಕಟ್ಟಿದ್ದು ಎಲ್ಲೂ ನಿಲ್ಲದೆ ಓಡಿತು. ಹೇಳಿದ ದಿನಕ್ಕೇ ವಿಡಿಯೊ ಹೋಯಿತು, ಮುಂದಿನದೂ ಬಂತು.

ಅದನ್ನು ಮಾಡುತ್ತಿದ್ದಾಗಲೇ ಗುರುಪ್ರಕಾಶ ಅಣ್ಣನಿಗೆ ಫೋನ್ ಮಾಡಿದ. ಹೊಸ ಬೋರ್ಡು ಬಂದಿದೆಯಂತೆ. ಬೇಡ, ಸರಿಹೋಯಿತು ಎಂದ ಅಣ್ಣ. ಅದು ಹೇಗೆ ಎಂದು ಅವನು ಕೇಳಿರಬೇಕು. ಅಣ್ಣ ಕಂಪ್ಯೂಟರಿನ ಪಕ್ಕದಲ್ಲಿ ಎದೆ ಸೆಟೆಸಿ ನಿಂತು ಹೇಳಿದ: "ಬಯೋಸ್ ಅಪ್‌ಡೇಟ್ ಮಾಡ್ಬುಟ್ವಿ."

ಅತ್ತಿಗೆ ಕೈಚಾಚಿ ಫೋನ್ ತೆಗೆದುಕೊಂಡಳು.

"ಮಾಡ್ಬುಟ್ವಿ ಅಲ್ಲ. ನಾನ್ ಮಾಡ್ದೆ. ಅವತ್ತು ನಿಮ್ಗೆ ಹೇಳಿದ್ನಲ್ಲ, ಅದನ್ನೇ."

ಫೋನನ್ನು ಅಣ್ಣನಿಗೆ ಹಿಂತಿರುಗಿಸಿದಳು. ಕಂಪ್ಯೂಟರಿನ ಮೇಲಿದ್ದ ಹೆಲ್ಮೆಟನ್ನೂ ತೆಗೆದು ಅವನ ಇನ್ನೊಂದು ಕೈಗೆ ಕೊಟ್ಟಳು.