ಕಾಕಾ ಆರಿಸಿದ ಮಷೀನು

ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೆಲಸವಿತ್ತು. ಅಪ್ಪನದು ಟ್ರ್ಯಾಕ್ಟರು, ಹೊಲದ ಮಣ್ಣು ಪುಡಿ ಮಾಡುವ ರೋಟಾವೇಟರುಗಳನ್ನು ರೈತರಿಗೆ ಬಾಡಿಗೆಗೆ ಕೊಡುವುದು, ಉಳಿದ ಹೊತ್ತು ಕೂಗುವುದು. ಅವ್ವನದು ಎಮ್ಮೆ ಮತ್ತು ಒಲೆ. ಕಾಕಾನದು ತೊಳೆಯುವುದು. ನನ್ನದು ಈ ಮೂವರನ್ನೂ ಅಣಕಿಸುವುದು. ಡಿಪ್ಲೊಮಾ ಅರ್ಧಕ್ಕೇ ನನ್ನನ್ನು ಬಿಟ್ಟುಹೋದ ಮೇಲೆ ನನ್ನ ಹತ್ತಿರ ಉಳಿದ ವಿದ್ಯೆ ಅದೊಂದೇ. ಅಪ್ಪನ ದನಿಯಲ್ಲಿ "ಒಂದ್ ರೊಟ್ಟಿ ತಾ" ಅಂದರೆ ಅವ್ವ ಒಲೆಯಿಂದ ಕಣ್ಣು ತೆಗೆಯದೆ ಅಪ್ಪನ ತಾಟಿಗೆ ರೊಟ್ಟಿ ಎಸೆಯುತ್ತಿದ್ದಳು. ಅಪ್ಪ ತಾನು ಕೇಳಿದ್ದು ಯಾವಾಗ ಎಂದು ಯೋಚಿಸುತ್ತ ಅದನ್ನೂ ತಿನ್ನುತ್ತಿದ್ದ.

ಕಾಕಾ ಅಂದರೆ ಅಪ್ಪನ ಚಿಕ್ಕಪ್ಪನ ಮಗ. ಅಪ್ಪ ಧಾರವಾಡದ ಕಡೆಯಿಂದ ಪುಣೆಗೆ ಬಂದು, ಮಾರ್ಕೆಟ್ ಯಾರ್ಡಿನಲ್ಲಿ ಟೆಂಪೊ ಓಡಿಸಿ, ಆಮೇಲೆ ರಾಂಜಣಗಾಂವದ ದಾರಿಯಲ್ಲಿ ಜಾಗ ಹಿಡಿದು ಶೆಡ್ಡು ಹಾಕಿದಾಗ ಊರಿನಿಂದ ತರಿಸಿದ ಸಾಮಾನಿನ ಜೊತೆ ಇವನೂ ಬಂದ. ಸಾಮಾನು ಹಳತಾಗಿ ಒಂದೊಂದಾಗಿ ಗುಜರಿಗೆ ಹೋಯಿತು, ಇವನು ಉಳಿದ. ಮದುವೆ ಆಗಲಿಲ್ಲ. ಯಾಕೆಂದು ಕೇಳಿದರೆ "ಪಸಂದ ಬೀಳಲಿಲ್ಲ" ಅನ್ನುತ್ತಿದ್ದ. ಅವ್ವ ಹೇಳುವ ಪ್ರಕಾರ ಹೆಣ್ಣಿನ ಕಡೆಯವರೂ ಅದನ್ನೇ ಹೇಳಿ ಎದ್ದು ಹೋಗಿದ್ದರಂತೆ.

ಹೊಲದಿಂದ ಬಂದ ರೋಟಾವೇಟರಿನ ಮುಂದೆ ಕಾಕಾ ಒಂದು ಬಕೆಟ್ಟು, ತೆಂಗಿನ ನಾರು, ಡೀಸೆಲ್ಲಿನಲ್ಲಿ ಅದ್ದಿದ ಅರಿವೆ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತರೆ ಅರ್ಧ ದಿನ ಅಲ್ಲೇ. ಬ್ಲೇಡುಗಳ ನಡುವಿನ ಮಣ್ಣನ್ನು ಹಳೆಯ ಕುಡಗೋಲಿನ ತುದಿಯಿಂದ ಕೆರೆಯುತ್ತ, ಕಿವಿಯ ಗುಗ್ಗೆ ತೆಗೆಸಿಕೊಳ್ಳುವ ಗಿರಾಕಿಗೆ ಬೈದಂತೆ ಮಷೀನಿಗೆ ಬೈಯುತ್ತಿದ್ದ. ಅವನಿಗೆ ಬೇರೆ ಯಾವ ಅಧಿಕಾರವೂ ಇರಲಿಲ್ಲ. ಆಯುಧಪೂಜೆ ಮಾಡುವ ಖಂಡೇನವಮಿಯ ದಿನ ಮಾತ್ರ ಇತ್ತು. ಯಾರು ತೊಳೆದಿರುತ್ತಾರೋ ಅವರೇ ಪೂಜೆ ಮಾಡಬೇಕು ಅನ್ನುವುದು ನಮ್ಮ ಮನೆಯ ಪದ್ಧತಿ. ಅವತ್ತು ಕಾಕಾ ಮಡಿಯುಟ್ಟು ಆರತಿ ತಾಟು ಹಿಡಿಯುತ್ತಿದ್ದ. ಮಾಲಕನಾದ ಅಪ್ಪ ಹಿಂದೆ ಕೈಮುಗಿದು ನಿಲ್ಲುತ್ತಿದ್ದ, ವರ್ಷದಲ್ಲಿ ಒಂದೇ ದಿನ ಬಾಯಿ ಮುಚ್ಚಿಕೊಂಡು.

ಹಾಗಿರುವಾಗ ಒಬ್ಬ ಕಬ್ಬಿನ ರೈತ ನಮ್ಮ ರೋಟಾವೇಟರನ್ನು ತನ್ನ ಬದುವಿನಿಂದಲೇ ವಾಪಸು ಕಳಿಸಿದ. ಬ್ಲೇಡಿನ ಸಂದಿಯಲ್ಲಿ ಇನ್ನೊಬ್ಬರ ಹೊಲದ ಗರಿಕೆಯ ಬೇರು ಸಿಕ್ಕಿಕೊಂಡಿತ್ತು. ಅದು ಒಮ್ಮೆ ತನ್ನ ಹೊಲ ಹೊಕ್ಕರೆ ಮೊಮ್ಮಕ್ಕಳ ಕಾಲಕ್ಕೂ ಹೋಗುವುದಿಲ್ಲ, ಸ್ವಚ್ಛ ಮಾಡಿಸಿ ಕಳಿಸು, ಇಲ್ಲವಾದರೆ ಬೇಡ ಅಂದ. ಆ ದಿನ ಊಟಕ್ಕೆ ಕೂತಾಗ ಅಪ್ಪ, ಜೋರಾಗಿ ನೀರು ಹೊಡೆದು ತೊಳೆಯುವ ಪ್ರೆಶರ್ ಮಷೀನು ತರುವುದು ಅಂತ ನಿಶ್ಚಯ ಮಾಡಿದ. ಅದೇ ಉಸಿರಿನಲ್ಲಿ, ಮಷೀನು ಬಂದರೆ ತೊಳೆಯಲಿಕ್ಕೇ ಬೇರೆ ಒಬ್ಬ ಮನುಷ್ಯ ಯಾಕೆ ಬೇಕು, ಪುಣೆಯ ಖರಾಡಿಯಲ್ಲಿ ಫ್ಲ್ಯಾಟುಗಳ ಗೇಟಿಗೆ ವಾಚಮನ್ ಬೇಕಂತೆ, ಅಲ್ಲಿಯ ಸೂಪರವೈಸರ್ ನಮ್ಮ ಕಡೆಯವನೇ, ಇರಲಿಕ್ಕೆ ಖೋಲಿಯನ್ನೂ ಕೊಡುತ್ತಾರಂತೆ ಅಂದ. ಯಾರ ಕಡೆಗೂ ನೋಡಿ ಹೇಳಲಿಲ್ಲ. ಪಲ್ಯದ ಬಟ್ಟಲಿಗೆ ಹೇಳಿದ. ಕಾಕಾ ಆ ಬಟ್ಟಲನ್ನೇ ಮುಂದಕ್ಕೆ ಎಳೆದುಕೊಂಡು ಬಡಿಸಿಕೊಂಡ.

ಮಷೀನು ಆರಿಸಲು ಹೊರಟಾಗ ಅಪ್ಪ ಅವನನ್ನೂ ಕರೆದ. "ತೊಳಿಯಾವ ನೀನು. ನೀನ ನೋಡಿ ಹೇಳು."

ಕಟುಕನ ಕೈಗೆ ಕತ್ತಿ ಕೊಡುವ ಮುಂಚೆ ಕುರಿಗೆ ಅದರ ಹರಿತ ತೋರಿಸಿದ ಹಾಗಾಯಿತು ಅಂತ ನನಗೆ ಬಹಳ ಖುಷಿಯಾಗಿ ನಾನೂ ಟೆಂಪೊ ಹತ್ತಿದೆ.

ಮಾರ್ಕೆಟ್ ಯಾರ್ಡಿನ ಹತ್ತಿರ ಪಂಪು, ಸ್ಪ್ರೇಯರು ಮಾರುವ ಅಂಗಡಿ. ಮಾರುವವನು ನನ್ನ ವಯಸ್ಸಿನವನೇ, ಮರಾಠಿ ಹಿಂದಿ ಎರಡನ್ನೂ ಒಂದೇ ತುತ್ತಿನಲ್ಲಿ ನುಂಗುವವನು. ಮೊದಲು ಒಂದು ಹಳದಿ ಬಣ್ಣದ ಕರೆಂಟಿನ ಮಷೀನು ತೋರಿಸಿದ. ಹಗುರ, ಚಕ್ರ ಇದೆ, ಮನೆಯ ಸಾದಾ ಕರೆಂಟಿಗೇ ನಡೆಯುತ್ತದೆ. ನಳಕ್ಕೆ ಪೈಪು ಜೋಡಿಸಿ "ಬಟನ್ ದಾಬಾ, ಬಸ್" ಅಂದ. ಬಟನ್ ಒತ್ತಿದ. ಅಷ್ಟೇ. ಫುಟಪಾತಿನ ಮೇಲಿದ್ದ ವರ್ಷಗಳ ಕೊಳೆ ಸುಲಿದು ಬಂತು. ಮಕ್ಕಳೂ ನಡೆಸಬಹುದು ಅಂದ. ಅಪ್ಪ ತಲೆದೂಗಿದ. ನಾನು ಕಾಕಾನ ಮುಖ ನೋಡಿದೆ. ಆ ಬಟನ್ನಿನ ಜಾಗದಲ್ಲಿ ತನ್ನ ಕುತ್ತಿಗೆ ಇದೆಯೇನೋ ಅನ್ನುವ ಹಾಗೆ ಕುತ್ತಿಗೆ ಸವರಿಕೊಂಡ.

ಆಮೇಲೆ ಶುರುವಾಯಿತು ಅವನ ವಕೀಲಿಕೆ. ಇದರ ಪೈಪು ಮೋಟು. ಇದರ ನೀರು ಹೊಡೆಯುವ ಗನ್ನು ಆಟಿಕೆಯ ಹಾಗಿದೆ. ಇದರ ಬಣ್ಣ ಸರಿಯಿಲ್ಲ. ಅಂಗಡಿಯವನು ಥ್ರೀ ಫೇಸಿನದು ತೋರಿಸಿದ, ಅದನ್ನು ಅಪ್ಪನೇ ಬೇಡ ಅಂದ. ನಮ್ಮ ಕಡೆ ಥ್ರೀ ಫೇಸ್ ಕರೆಂಟು ಅಳಿಯನ ಹಾಗೆ, ತನಗೆ ಮನಸ್ಸು ಬಂದಾಗ ಬರುತ್ತದೆ. ಆಗ ಮೂಲೆಯಲ್ಲಿದ್ದ ಪೆಟ್ರೋಲ್ ಇಂಜಿನ್ನಿನ ಮಷೀನು ಕಾಕಾನ ಕಣ್ಣಿಗೆ ಬಿತ್ತು. ಎಮ್ಮೆಯ ಕರುವಿನಷ್ಟು ದೊಡ್ಡದು, ಪಕ್ಕದಲ್ಲಿ ಒಂದು ಹಗ್ಗ. ಅಂಗಡಿಯವನು ಹಗ್ಗ ಎಳೆದ. ಚಾಲೂ ಆಗಲಿಲ್ಲ. ಮತ್ತೆ ಎಳೆದ. ಅಂಗಿ ಬೆನ್ನಿಗೆ ಅಂಟಿಕೊಂಡಿತು, ಕೂದಲಿನ ಸ್ಟೈಲು ಹಣೆಗೆ ಇಳಿಯಿತು, ಮಷೀನು ಮಾತ್ರ ಹೂಂ ಅನ್ನಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಡೆ ದೇವರು ಕಾಣುತ್ತಾನಂತೆ. ಕಾಕಾನಿಗೆ ಅಲ್ಲಿ ಕಂಡ.

"ಇದು ಛಲೋ ಅದ ಅಣ್ಣಾ," ಅಂದ.

ಅಂಗಡಿಯವನೇ ಬೇಡ ಅಂದ. ಇದರ ಒತ್ತಡ ನಿಮ್ಮ ಕೆಲಸಕ್ಕೆ ಅತಿಯಾಯಿತು, ಹತ್ತಿರ ಹಿಡಿದರೆ ಬಣ್ಣ ಕಿತ್ತು ಬರುತ್ತದೆ, ಬೇರಿಂಗಿನ ಗ್ರೀಸು ಹಾರಿಹೋಗುತ್ತದೆ, ಶೆಡ್ಡಿನೊಳಗೆ ಹೊಗೆ, ದನಗಳು ಸದ್ದಿಗೆ ಹೆದರುತ್ತವೆ. ದೊಡ್ಡದನ್ನು ಕೊಳ್ಳಬೇಡಿ ಅಂತ ಹೇಳುವ ಅಂಗಡಿಯವನನ್ನು ನಾನು ಅವತ್ತೇ ಮೊದಲು ನೋಡಿದ್ದು. ಕಾಕಾ ಗದ್ದ ಮೇಲೆತ್ತಿ, ಎಡಗಣ್ಣು ಅರ್ಧ ಮುಚ್ಚಿ, ತನ್ನ ಯಾವತ್ತಿನ ಪೀಠಿಕೆ ಹಾಕಿದ. "ನಾ ಹೇಳತೇನಿ ಕೇಳು. ಕರೆಂಟ್ ಹೋತಂದ್ರ ಬಟನ್ ಒತ್ತಿ ಏನ್ ಮಾಡತಿ, ಪೂಜಿ ಮಾಡತಿ?"

ಕರೆಂಟಿನ ಮಾತು ಬಂದದ್ದೇ ಅಪ್ಪ ಜೇಬಿಗೆ ಕೈ ಹಾಕಿದ. ಪೆಟ್ರೋಲಿನದೇ ಟೆಂಪೊ ಹತ್ತಿತು.

ದಾರಿಯಲ್ಲಿ ಹಿಂದೆ ಮಷೀನಿನ ಜೊತೆ ನಾವಿಬ್ಬರೇ ಕೂತಿದ್ದಾಗ ಅವನದೇ ದನಿಯಲ್ಲಿ, ಅವನದೇ ಗದ್ದ ಮಾಡಿ ಕೇಳಿದೆ. "ನಾ ಹೇಳತೇನಿ ಕೇಳು. ಬಟನ್ ಒತ್ತಾಕ ನನಗೂ ಬರತದ ಅಂತ ಅಂಜಿದಿ, ಹೌದಲ್ಲ?"

ಕಾಕಾ ಹಗ್ಗದ ಹಿಡಿಯನ್ನು ಅಂಗೈಯಿಂದ ಒರೆಸುತ್ತ ಹೊರಗೆ ನೋಡಿದ. "ನಿನಗ ಬಟನ್ ಒತ್ತಾಕೂ ಬರಂಗಿಲ್ಲ," ಅಂದ.

ಅದು ಸುಳ್ಳೇನೂ ಆಗಿರಲಿಲ್ಲ.

ಲೆಕ್ಕ ಸರಿಯಾಗಿಯೇ ಇತ್ತು. ಆ ಮಷೀನು ಅಪ್ಪ ಎಳೆದರೆ ಚಾಲೂ ಆಗುತ್ತಿರಲಿಲ್ಲ, ನಾನು ಎಳೆದರೂ ಆಗುತ್ತಿರಲಿಲ್ಲ. ಕಾಕಾ ನಮಗೆ ಬೆನ್ನು ಮಾಡಿ ನಿಂತು, ಏನೋ ತಿರುಗಿಸಿ, ಏನೋ ತಳ್ಳಿ, ಮೊಮ್ಮಗುವಿಗೆ ಗುಟ್ಟಿನಲ್ಲಿ ಪೆಪ್ಪರಮಿಂಟು ಕೊಡುವ ಅಜ್ಜನ ಹಾಗೆ ಬಾಗಿ, ಆಮೇಲೆ ಎಳೆದರೆ ಅದು ಗುಡುಗುತ್ತಿತ್ತು. ಮೊದಲ ದಿನವೇ ಟ್ರ್ಯಾಕ್ಟರಿನ ಬಾನೆಟ್ಟಿನ ಕೆಂಪು ಬಣ್ಣ ಅಂಗೈಯಗಲ ಹಾರಿತು. ಅಪ್ಪನ ಹೆಸರಿನ ಸ್ಟಿಕರು ಅರ್ಧ ಹೋಗಿ, ಉಳಿದ ಅರ್ಧ ಓದಿದರೆ ಬೈಗುಳದಂತಾಯಿತು. ಎಮ್ಮೆ ಗೂಟ ಕಿತ್ತುಕೊಂಡು ಓಡಿತು, ಸಂಜೆ ಹಾಲು ಕೊಡಲಿಲ್ಲ. ಅವ್ವ ಮಷೀನಿಗೂ ಅದನ್ನು ಆರಿಸಿದವನ ವಂಶಕ್ಕೂ ಸೇರಿಸಿ ಬೈದಳು. ಆ ವಂಶ ತನ್ನದೂ ಹೌದೆಂದು ಅಪ್ಪ ನೆನಪಿಸಿದ. ಕಾಕಾ ಮಾತ್ರ, "ಹಳೇ ಬಣ್ಣ, ಹೋಗೂದ ಇತ್ತು" ಅಂದ.

ಆದರೆ ಗರಿಕೆಯ ಬೇರು ಹೋಯಿತು. ಕಬ್ಬಿನ ರೈತ ರೋಟಾವೇಟರಿನ ಹೊಟ್ಟೆಯಡಿ ಬ್ಯಾಟರಿ ಬೆಳಕು ಹಾಯಿಸಿ ನೋಡಿ ಹೊಲದೊಳಗೆ ಬಿಟ್ಟ. ಅರ್ಧ ದಿನದ ಕೆಲಸ ಒಂದು ಚಹಾ ಆರುವುದರೊಳಗೆ ಮುಗಿಯತೊಡಗಿತು. ಉಳಿದ ದಿನ ಏನು ಮಾಡುವುದೆಂದು ತಿಳಿಯದೆ ಕಾಕಾ ಬಕೆಟ್ಟು, ನಾರು, ಅರಿವೆ ತಂದು ಆ ತೊಳೆಯುವ ಮಷೀನನ್ನೇ ತೊಳೆಯುತ್ತ ಕೂರುತ್ತಿದ್ದ. ಖರಾಡಿಯ ಮಾತು ಮತ್ತೆ ಬರಲಿಲ್ಲ. ಮಷೀನು ಅವನೊಬ್ಬನ ಮಾತು ಕೇಳುವ ತನಕ ಬರುವಂತೆಯೂ ಇರಲಿಲ್ಲ.

ಕೆಟ್ಟದ್ದು ಹಗ್ಗದಿಂದ ಬಂತು. ಇಂಜಿನ್ನು ಕೆಲವು ಸಲ ಎಳೆದ ಹಗ್ಗವನ್ನು ಸಿಟ್ಟಿನಿಂದ ವಾಪಸು ಕಸಿದುಕೊಳ್ಳುತ್ತಿತ್ತು, ಕೈಯನ್ನೂ ಜೊತೆಗೇ ಎಳೆದುಕೊಂಡು. ಕಾಕಾ ಯಾರಿಗೂ ಏನೂ ಹೇಳಲಿಲ್ಲ. ಊಟಕ್ಕೆ ಕೂತಾಗ ಮಾತ್ರ ಬಲಗೈ ತುತ್ತನ್ನು ಬಾಯಿಯ ತನಕ ಒಯ್ಯುತ್ತಿರಲಿಲ್ಲ, ಬಾಯಿಯೇ ತಾಟಿನ ಹತ್ತಿರ ಇಳಿದು ಬರುತ್ತಿತ್ತು. ನನಗೆ ಹೊಸ ಸರಕು ಸಿಕ್ಕಿತು. ಮರುದಿನ ಮಧ್ಯಾಹ್ನ ಅವನೆದುರಿಗೇ ಹಾಗೆ ಬಾಗಿ, ಮೊಣಕೈ ಪಕ್ಕೆಗೆ ಅಂಟಿಸಿ, ಬಾತುಕೋಳಿಯ ಹಾಗೆ ತುತ್ತು ಹೆಕ್ಕಿ ತೋರಿಸಿದೆ. ಅವ್ವ ನಕ್ಕಳು, ಕಾಕಾನೂ ನಕ್ಕ. ಅಪ್ಪ ನಗಲಿಲ್ಲ. ಕಾಕಾನನ್ನು ವರ್ಷಗಟ್ಟಲೆ ಎದುರಿಗೆ ಕೂರಿಸಿಕೊಂಡು ಉಂಡವನಿಗೆ ಅವನ ನೋಯುವ ಭುಜ ನನ್ನ ಮೈಯಲ್ಲಿ ಕಾಣಿಸಿತು.

"ಭುಜಕ್ಕ ಏನಾಗೇದೋ ತಮ್ಮಾ?"

"ಏನಿಲ್ಲ ಅಣ್ಣಾ. ಈ ಮಂಗ್ಯಾನ ಮಾತ ಏನ್ ಕೇಳತಿ."

ಖಂಡೇನವಮಿ ಬಂತು. ಬೆಳಿಗ್ಗೆ ಅಂಗಳದಲ್ಲಿ ಎಲ್ಲ ಮಷೀನುಗಳು ಸಾಲಾಗಿ ನಿಂತಿದ್ದವು, ಅಕ್ಕಪಕ್ಕದ ರೈತರೂ ಪ್ರಸಾದಕ್ಕೆ ಬಂದಿದ್ದರು. ಕಾಕಾ ಸ್ನಾನ ಮಾಡಿ, ಬಿಳಿ ಧೋತರ ಮೊಣಕಾಲಿಗೆ ಎತ್ತಿ ಕಟ್ಟಿ, ತೊಳೆಯುವ ಮಷೀನಿನ ಮುಂದೆ ನಮಗೆ ಬೆನ್ನು ಮಾಡಿ ನಿಂತು ತಿರುಗಿಸುವುದನ್ನು ತಿರುಗಿಸಿ ತಳ್ಳುವುದನ್ನು ತಳ್ಳಿದ. ಹಗ್ಗ ಹಿಡಿದ. ಅದು ಒಂದು ಗೇಣು ಬಂದು ಹಿಂದಕ್ಕೆ ಹೋಯಿತು. ಮತ್ತೆ ಹಿಡಿದ. ಎಡಗೈ ಹಾಕಿ ನೋಡಿದ. ಜನ ಹತ್ತಿರ ಸರಿದು ಸುತ್ತುಗಟ್ಟಿದರು, ಅದು ಅವನಿಗೆ ಇನ್ನೂ ಕೇಡಾಯಿತು. ರಾಹುಕಾಲ ಬರುತ್ತದೆ ಅಂತ ಅಪ್ಪ ಕೂಗಿ, ಅವನನ್ನು ಬದಿಗೆ ಸರಿಸಿ, ನನ್ನ ಕಡೆ ತಿರುಗಿದ.

"ಲೇ, ತಿನ್ನೂದೊಂದ ಬರತದ ನಿನಗ. ಎಳಿ ಬಾ."

ನಾನು ಎಳೆದೆ. ಒಂದೇ ಏಟಿಗೆ ಗುಡುಗಿತು. ಮಾಡಬೇಕಾದ್ದನ್ನೆಲ್ಲ ಅವನು ಮಾಡಿಟ್ಟಿದ್ದ, ನಾನು ಎಳೆದದ್ದಷ್ಟೇ. ಆದರೆ ಶಾಬಾಸ್ ಬಂದದ್ದು ನನಗೆ. ಗನ್ನು ಹಿಡಿದು ಒಂದೊಂದನ್ನೇ ತೊಳೆದೆ. ಕಾಕಾ ಪೈಪು ತೊಡರದಂತೆ ಹಿಂದೆ ಹಿಂದೆ ಎಳೆದುಕೊಂಡು ಬಂದ.

ತೊಳೆದಾದ ಮೇಲೆ ಅವ್ವ ಆರತಿ ತಾಟು ತಂದಳು. ತಂದು ನಮ್ಮಿಬ್ಬರ ನಡುವೆ ನಿಂತಳು. ಕಾಕಾನ ಬಲಗೈ ಮೇಲೇಳಲಿಲ್ಲ. ಎಡಗೈ ಅರ್ಧ ಬಂದು, ತಾನು ಎಡಗೈ ಅನ್ನುವುದು ನೆನಪಾಗಿ, ಧೋತರ ಸರಿಮಾಡಲು ಹೋಯಿತು. ಅಪ್ಪ ತಾಟು ತೆಗೆದು ನನ್ನ ಕೈಗಿಟ್ಟ. ನನಗೆ ಪೂಜೆ ಬರುತ್ತಿರಲಿಲ್ಲ, ಕಾಕಾ ಪೂಜೆ ಮಾಡುವುದನ್ನು ಅಣಕಿಸುವುದು ಬರುತ್ತಿತ್ತು. ಅದನ್ನೇ ಮಾಡಿದೆ. ಅದೇ ಗಂಟಲು ಕೆರೆಯುವುದು, ಅದೇ ಅರ್ಧ ಮುಚ್ಚಿದ ಕಣ್ಣು, ಮಂತ್ರದಲ್ಲಿ ಅವನು ತಪ್ಪುವಲ್ಲೇ ತಪ್ಪಿದೆ. ಜನ ಹೊಟ್ಟೆ ಹಿಡಿದು ನಕ್ಕರು. ಕಾಕಾ ಎಲ್ಲರಿಗಿಂತ ಜೋರಾಗಿ ನಕ್ಕ.

ಪ್ರಸಾದ ಹಂಚುವಾಗಲೇ ಅಪ್ಪ, ಖರಾಡಿಯವರು ಇನ್ನೂ ದಾರಿ ನೋಡುತ್ತಿದ್ದಾರಂತೆ ಅಂದ. ಈ ಸಲ ಬಾಳೆಹಣ್ಣಿಗೆ ಹೇಳಿದ.

ದಸರೆ ಮುಗಿದ ಮೇಲೆ ಅಪ್ಪನೇ ಟೆಂಪೊದಲ್ಲಿ ಬಿಟ್ಟು ಬಂದ. ಅಲ್ಲಿ ಭುಜಕ್ಕೆ ಕೆಲಸವೇ ಇಲ್ಲ, ಬಟನ್ ಒತ್ತಿದರೆ ಗೇಟು ಏಳುತ್ತದೆ ಅಂತ ಬಹಳ ಸಮಾಧಾನದಿಂದ ಹೇಳಿದ. ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ಇಬ್ಬರು ನಿರುಪಯೋಗಿಗಳಿದ್ದು, ಅವರಲ್ಲಿ ದುಡಿಯುತ್ತಿದ್ದವನನ್ನು ಕಳಿಸಿ ನನ್ನನ್ನು ಇಟ್ಟುಕೊಂಡದ್ದಕ್ಕೆ ಮಷೀನು ತನ್ನ ಅಭಿಪ್ರಾಯವನ್ನು ಬೇಗನೆ ತಿಳಿಸಿತು. ಎಷ್ಟು ಎಳೆದರೂ ಚಾಲೂ ಆಗಲಿಲ್ಲ. ಕಬ್ಬಿನ ರೈತನ ಆಳು ರೋಟಾವೇಟರು ಒಯ್ಯಲು ಬರುವವನಿದ್ದ. ಕಾಕಾನಿಗೆ ಫೋನು ಹಚ್ಚಿ, ಸ್ಪೀಕರ್ ಮಾಡಿ ಟ್ರ್ಯಾಕ್ಟರಿನ ಮಡಗಾರ್ಡಿನ ಮೇಲಿಟ್ಟು, ಹೇಗೆ ಚಾಲೂ ಮಾಡುತ್ತಿದ್ದೆ ಹೇಳು ಅಂದೆ.

"ಅದು ನನ್ನ ಮಾತ ಕೇಳತದ. ನಿನ್ನ ಮಾತ ಕೇಳಂಗಿಲ್ಲ," ಅಂದ. ಹಿಂದೆ ಕಾರುಗಳ ಹಾರ್ನು ಕೇಳುತ್ತಿತ್ತು. ಬೇಡಿಕೊಂಡೆ. ಅವನಿಗೆ ಅದು ಖುಷಿ ಕೊಟ್ಟಿತು. "ನನ್ನ ದನಿ ತಗೀತಿಯಲ್ಲ, ಊರೆಲ್ಲ ನಗಸಾಕ. ಆ ದನೀಲೆ ಹೇಳಿ ನೋಡು, ಕೇಳೀತು."

ಅಷ್ಟೇ ತಾನೆ. ಗದ್ದ ಎತ್ತಿ, ಗಂಟಲು ಕೆರೆದು, ಮಷೀನಿಗೆ ಕೇಳುವಷ್ಟು ಜೋರಾಗಿ ಅವನ ದನಿಯಲ್ಲಿ ಹೇಳಿದೆ. "ನಾ ಹೇಳತೇನಿ ಕೇಳು. ಏಳವ್ವಾ, ಹೊತ್ತಾತು."

ಫೋನಿನಲ್ಲಿ ನಗು ಶುರುವಾಯಿತು. ಅಷ್ಟರಲ್ಲಿ ಗೋಡೆಯ ಆಚೆಯಿಂದ, ನಮ್ಮನ್ನು ನೋಡದೆ, ಅಪ್ಪ ಕೂಗಿದ.

"ಮತ್ತ್ಯಾಕ ಬಂದಿಯೋ ತಮ್ಮಾ? ಹೇಳಿ ಕಳಿಸೀನಲ್ಲ ನಿನಗ, ಅಲ್ಲೇ ಇರು ಅಂತ."

ನಗು ನಿಂತಿತು. ಅದೇ ದನಿಯಲ್ಲಿ ಅಪ್ಪನಿಗೆ ಏನಾದರೂ ಉತ್ತರ ಕೊಡೋಣವೆಂದು ನಾನು ಬಾಯಿ ತೆರೆದಿದ್ದೆ. ಅದಕ್ಕೂ ಮುಂಚೆ ಮಡಗಾರ್ಡಿನ ಮೇಲಿಂದ ಅಸಲಿ ದನಿ ಬಂತು.

"ಬಂದಿಲ್ಲ ಅಣ್ಣಾ. ಇಲ್ಲೇ ಅದೀನಿ."

ಅಪ್ಪ ಗೋಡೆ ದಾಟಿ ಈಚೆ ಬರಲಿಲ್ಲ. ಅವನ ಚಪ್ಪಲಿಯ ಸದ್ದು ಒಳಗೆ ಹೋಯಿತು.

ಫೋನಿನಲ್ಲಿ ಕಾಕಾ ಮಾತಾಡತೊಡಗಿದ, ನಿಧಾನಕ್ಕೆ, ಒಂದೊಂದನ್ನೇ ಬಿಡಿಸಿ. ಪೆಟ್ರೋಲ್ ನಳದ ಕಿವಿ ತಿರುಗಿಸು. ಚೋಕ್ ಪೂರ್ತಿ ಹೊರಗೆ ಎಳಿ. ಸ್ವಿಚ್ ಬಂದ್ ಇರಲಿ, ಹಗ್ಗವನ್ನು ಮೆತ್ತಗೆ ಎರಡು ಸಲ ಎಳಿ. ಗನ್ನು ಒತ್ತಿ ಪೈಪಿನಲ್ಲಿದ್ದ ಜೋರು ಬಿಟ್ಟುಬಿಡು, ಇಲ್ಲವಾದರೆ ಕೈ ಕಸೀತದ. ಈಗ ಚೋಕ್ ಅರ್ಧ ಒಳಗೆ ತಳ್ಳು. ಸ್ವಿಚ್ ಹಾಕು.

"ಎಳಿ," ಅಂದ.