ಟೈರಾ ಮೊಲೆ ಬಿಡಿಸದ ಮಗು

ಮಗಳಿಗೆ ಎರಡು ವರ್ಷ ದಾಟಿ ಎಷ್ಟೋ ದಿನವಾದರೂ ಟೈರಾ ಮೊಲೆ ಬಿಡಿಸಿರಲಿಲ್ಲ. ದಕ್ಷಿಣ ಕೆರೊಲಿನಾದ ಆ ದ್ವೀಪದಲ್ಲಿ ಇದಕ್ಕಾಗಿ ಅವಳನ್ನು ಆಡಿಕೊಳ್ಳದವರೇ ಇರಲಿಲ್ಲ.

"ಇನ್ನೇನು ಬಿಡು, ನಿನ್ನ ಜೂಬಾ ಗುದ್ದಲಿ ಹೆಗಲ ಮೇಲಿಟ್ಕೊಂಡೇ ಬಂದು ಹಾಲು ಕುಡೀತಾಳೆ," ಎನ್ನುತ್ತಿದ್ದಳು ಹೇಗರ್ ಅಜ್ಜಿ. ತಾಯಂದಿರು ಹೊಲಕ್ಕೆ ಹೋದಾಗ ಕೂಸುಗಳನ್ನೆಲ್ಲ ಓಕ್ ಮರದ ಕೆಳಗೆ ಗುಡ್ಡೆ ಹಾಕಿಕೊಂಡು ಕಾಯುವ ಕೆಲಸ ಅವಳದು.

ಟೈರಾ ನಗುತ್ತಿದ್ದಳು. ಮೊಲೆ ಮಾತ್ರ ಬಿಡಿಸುತ್ತಿರಲಿಲ್ಲ.

ಧಣಿಯ ಹತ್ತಿಯ ಹೊಲದಲ್ಲಿ ಗುಲಾಮರಿಗೆ ಅವರವರ ದಿನದ ಪಾಲಿಗೆ ಗೂಟ ನೆಟ್ಟು ಕೊಡುತ್ತಿದ್ದರು. ಗಟ್ಟಿಮುಟ್ಟಾದ ಆಳು ಅಂದರೆ ಪೂರಾ ಕೈ. ಅವನಿಗೆ ಪೂರ್ತಿ ಪಾಲು. ಮುದುಕರು ಕಾಲು ಕೈ. ಹಾಲೂಡಿಸುವ ತಾಯಿ ಅರ್ಧ ಕೈ. ಪಾಲು ಮುಗಿಸಿದವರು ಮನೆಗೆ ಹೋಗಿ ತಮ್ಮ ಗೆಣಸಿನ ಮಡಿ ನೋಡಿಕೊಳ್ಳಬಹುದಿತ್ತು. ಹೀಗಾಗಿ ಮೊಲೆ ಬಿಡಿಸಲು ಯಾವ ತಾಯಿಗೂ ಅವಸರ ಇರುತ್ತಿರಲಿಲ್ಲ. ಟೈರಾಳಿಗೆ ಬೇಕಾದದ್ದು ಮಾತ್ರ ಬಿಡುವಾಗಿರಲಿಲ್ಲ.

ಧಣಿಯ ಎರಡನೆಯ ಮಗಳ ಮದುವೆ ಗೊತ್ತಾಗಿತ್ತು. ಅಳಿಯನಾಗುವವನು ಟೆಕ್ಸಾಸಿನಲ್ಲಿ ಕಾಡು ಕಡಿದು ಹತ್ತಿ ಹಾಕಲು ಹೊರಟವನು. ಬಳುವಳಿಯಾಗಿ ಪೂರಾ ಕೈಗಳನ್ನೇ ಕೊಡಿ, ಕೂಸು ಕುನ್ನಿ ಬೇಡ, ದುಡಿಯುವ ತನಕ ಕೂರಿಸಿ ಉಣ್ಣಿಸುವವರು ಯಾರು ಎಂದಿದ್ದನಂತೆ. ಮೊಲೆ ಬಿಟ್ಟ ಮಕ್ಕಳು ತಾಯಿ ಹೋದರೂ ಇಲ್ಲೇ ಉಳಿದು ಇಲ್ಲೇ ಬೆಳೆಯುತ್ತವೆ. ಮೊಲೆ ಕುಡಿಯುವ ಕೂಸನ್ನು ತಾಯಿಯಿಂದ ಕಿತ್ತರೆ ಸತ್ತೀತು. ಸತ್ತರೆ ಧಣಿಗೇ ನಷ್ಟ. ಟೈರಾ ಹಿಡಿದುಕೊಂಡಿದ್ದು ಇದೊಂದೇ ಎಳೆಯನ್ನು. ಅವಳ ಗಂಡ ಕೇಟೋ ಧಣಿಯ ಹಿರಿಮಗಳ ಬಳುವಳಿಯಾಗಿ ಅಲಬಾಮಾಗೆ ಹೋದವನು. ಆಗ ಜೂಬಾ ಹೊಟ್ಟೆಯಲ್ಲಿದ್ದಳು. ಅವನಿಂದ ಒಂದು ಸುದ್ದಿಯೂ ಬಂದಿರಲಿಲ್ಲ.

ಆ ಚಳಿಗಾಲದಲ್ಲಿ ದೊಡ್ಡಮನೆಯ ಊಟದ ಮೇಜಿನ ಸುತ್ತ ಗಂಡಸರ ದನಿ ಏರತೊಡಗಿತು. ಅಡುಗೆಮನೆಯಲ್ಲಿದ್ದ ಹೇಗರ್ ಅಜ್ಜಿಯ ತಂಗಿ ಕೇಳಿದ್ದನ್ನೆಲ್ಲ ತಂದು ಅಕ್ಕನ ಮುಂದೆ ಸುರಿಯುತ್ತಿದ್ದಳು.

"ಉತ್ತರದವ್ರು ಒಬ್ಬ ಹೊಸ ಅಧ್ಯಕ್ಷನ್ನ ಆರಿಸಿದ್ದಾರಂತೆ ಕಣೇ," ಎಂದಳು ಅಜ್ಜಿ ಒಂದು ದಿನ. "ಪಶ್ಚಿಮದ ಹೊಸ ಸೀಮೆಗೆ ಆಳುಗಳನ್ನ ಕೊಂಡೊಯ್ಯೋ ಹಾಗಿಲ್ಲ ಅಂತಾನಂತೆ."

"ನಮ್ಮನ್ನ ಬಿಡಿಸ್ತಾನಾ?"

"ಇಲ್ಲಿರೋರು ಇಲ್ಲೇ ಇರ್ಲಿ, ಹೊಸ ಕಡೆ ಮಾತ್ರ ಬೇಡ ಅಂತಾನಂತೆ."

"ಮತ್ತೆ ಅಷ್ಟಕ್ಕೇ ಧಣಿಗ್ಯಾಕೆ ಇಷ್ಟು ಉರಿ?"

"ಪೆದ್ದಿ. ಈ ಮಣ್ಣಲ್ಲಿ ಏನು ಸಾರ ಉಳಿದಿದೆ? ವರ್ಷಾ ವರ್ಷಾ ಜೌಗಿನ ಕೆಸರು ಹೊತ್ತು ಹಾಕಿದ್ರೆ ತಾನೇ ಹತ್ತಿ ಬರೋದು? ಧಣಿಯ ಗಟ್ಟಿ ಬೆಳೆ ಹತ್ತಿಯಲ್ಲ, ನೀನು ಹೆತ್ತಿರೋದು. ಹತ್ತಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗತ್ತೆ, ಮಕ್ಕಳು ಪಶ್ಚಿಮಕ್ಕೆ ಹೋಗ್ತವೆ. ಆ ಬಾಗಿಲು ಮುಚ್ಚಿದ್ರೆ ಕೊಳ್ಳೋರ್ಯಾರು? ನಮ್ಮ ಬೆಲೆ ಬಿದ್ದೋಗತ್ತೆ."

"ಬಿದ್ರೆ ಬೀಳ್ಲಿ ಬಿಡಜ್ಜಿ. ನಾನೇನು ಬೆಲೆ ಏರಿಸ್ಕೊಂಡು ಸಂತೇಲಿ ಕೂತಿದ್ದೀನಾ?"

ಅಜ್ಜಿ ನಕ್ಕಳು. ದೊಡ್ಡಮನೆಯಲ್ಲಿ ಯಾರೂ ನಗುತ್ತಿರಲಿಲ್ಲ. ಕ್ರಿಸ್ಮಸ್ಸಿನ ಹೊತ್ತಿಗೆ ರಾಜ್ಯವೇ ಒಕ್ಕೂಟದಿಂದ ಹೊರಬಂತು. ವಸಂತದಲ್ಲಿ ಚಾರ್ಲ್ಸ್‌ಟನ್ ಕಡೆ ಫಿರಂಗಿ ಸಿಡಿದು ಯುದ್ಧ ಶುರುವಾಯಿತು. ನಮ್ಮ ಹತ್ತಿ ಇಲ್ಲದಿದ್ದರೆ ಇಂಗ್ಲೆಂಡಿನ ಗಿರಣಿಗಳು ನಿಂತುಹೋಗುತ್ತವೆ, ಅವರೇ ನಮ್ಮ ಬೆನ್ನಿಗೆ ಬರುತ್ತಾರೆ ಎಂದು ಧಣಿ ಬಂದವರಿಗೆಲ್ಲ ಹೇಳಿದ. ಮದುವೆಯನ್ನು ಹತ್ತಿ ಬಿಡಿಸಿದ ಮೇಲೆ ಇಟ್ಟುಕೊಂಡರು.

ಬೇಸಿಗೆಯಲ್ಲಿ ಜೂಬಾ ತಾನಾಗಿಯೇ ಮೊಲೆ ಬಿಟ್ಟಳು. ಮುಖ ತಿರುಗಿಸಿ ಗೆಣಸು ಕೇಳಿದಳು. ಟೈರಾ ಎದೆಗುಂದಲಿಲ್ಲ. ಹಾಲೂಡಿಸುವ ತಾಯಂದಿರಿಗೆ ಕೊಂಬು ಊದಿದಾಗ ಎಲ್ಲರ ಜೊತೆ ಬಂದು ಓಕ್ ಮರದ ಕೆಳಗೆ ಕೂರುವಳು, ಮಗಳ ಮೇಲೆ ಬಟ್ಟೆ ಮುಚ್ಚುವಳು. ಬಟ್ಟೆಯೊಳಗೆ ಜೂಬಾ ಸುಟ್ಟ ಗೆಣಸು ತಿನ್ನುವಳು. ಗೆಣಸು ಸುಟ್ಟಿಡುವುದು ಹೇಗರ್ ಅಜ್ಜಿಯ ಕೆಲಸ. ಗುಡಿಸಲು ಸಾಲಿನಲ್ಲಿ ಈ ಆಟ ಗೊತ್ತಿಲ್ಲದವರಿರಲಿಲ್ಲ, ಬಾಯಿಬಿಟ್ಟವರೂ ಇರಲಿಲ್ಲ.

ಬಾಯಿಬಿಟ್ಟವಳು ಜೂಬಾಳೇ. ಒಂದು ಬೆಳಿಗ್ಗೆ ಧಣಿಯ ಹೆಂಡತಿ ಅಮ್ಮಾವ್ರು ಮಕ್ಕಳನ್ನು ನೋಡಲು ಬಂದರು. ಟೈರಾಳ ಮಡಿಲಿನತ್ತ ಬಗ್ಗಿ, "ಇಷ್ಟು ದೊಡ್ಡ ಹುಡುಗಿ ಇನ್ನೂ ಹಾಲು ಕುಡೀತಾಳಾ? ನಾಚಿಕೆ ಆಗಲ್ವಾ?" ಎಂದರು. ಒಳಗಿನಿಂದ ಬಟ್ಟೆ ಸರಿಯಿತು. ಕೆನ್ನೆಗೆಲ್ಲ ಗೆಣಸು ಮೆತ್ತಿಕೊಂಡ ಮುಖ ಹೊರಬಂತು.

"ನಾನು ಕುಡಿಯಲ್ಲ! ಹಾಲು ಪಾಪುಗೆ. ನಾನು ದೊಡ್ಡೋಳು!"

ಅಮ್ಮಾವ್ರು ದೊಡ್ಡಮನೆಯ ಕಡೆ ಹೊರಟುಹೋದರು. ಮರುದಿನ ಮೇಸ್ತ್ರಿ ಬ್ರಿಸ್ಟಲ್ ಟೈರಾಳ ಗೂಟವನ್ನು ಕಿತ್ತು ದೂರ ನೆಟ್ಟ. ಅವನೂ ಅದೇ ಸಾಲಿನ ಗುಡಿಸಲಿನವನು, ಧಣಿಯ ಆಳೇ.

"ಇವತ್ತಿಂದ ಪೂರ್ತಿ, ಟೈರಾ. ನನ್ನ ನೋಡ್ಬೇಡ, ಗೂಟ ನೋಡು."

ಅಳಿಯನ ಜೊತೆ ಹೋಗುವವರಲ್ಲಿ ಅವಳೂ ಸೇರಿದ್ದು ಆ ವಾರವೇ ಗೊತ್ತಾಯಿತು. ಟೈರಾ ಮಗಳನ್ನು ಬೈಯಲಿಲ್ಲ. ವರ್ಷಕ್ಕೊಮ್ಮೆ ಹಂಚುವ ಒರಟು ಬಟ್ಟೆಯಲ್ಲಿ ಜೂಬಾಗೆ ಅಂಗಿ ಹೊಲಿದಳು. ಅಂಚಿನಲ್ಲಿ ಮೂರು ಮಡಿಕೆ ಒಳಗೆ ಬಿಟ್ಟಳು. "ಮೊಣಕಾಲು ಕಾಣಿಸ್ತಿದ್ದ ಹಾಗೆ ಒಂದು ಬಿಚ್ಚಜ್ಜಿ. ಕತ್ತರಿ ಬೇಡ, ಈ ಗಂಟು ಎಳೆದ್ರೆ ಸಾಕು, ತಾನೇ ಬಿಚ್ಚತ್ತೆ," ಎಂದು ಹೇಗರ್ ಅಜ್ಜಿಯ ಕೈಯಲ್ಲಿ ಎರಡೆರಡು ಸಲ ಎಳೆಸಿ ನೋಡಿದಳು. ಕೆಮ್ಮು ಬಂದರೆ ಏನು ಕೊಡಬೇಕು, ಯಾವ ಕಿವಿ ಸೋರುತ್ತದೆ, ಎಲ್ಲ ಹೇಳಿದಳು. ಅಜ್ಜಿ ಆ ದಿನ ಒಂದು ತಮಾಷೆಯನ್ನೂ ಮಾಡಲಿಲ್ಲ.

ನವೆಂಬರಿನಲ್ಲಿ, ಮದುವೆ ಇನ್ನೇನು ಬಂತು ಅನ್ನುವಾಗ, ಉತ್ತರದವರ ಹಡಗುಗಳು ಕೊಲ್ಲಿಗೆ ನುಗ್ಗಿದವು. ಬೆಳಗಿನಿಂದ ಫಿರಂಗಿ ಮೊರೆಯಿತು. ಹತ್ತಿ ಅರ್ಧ ಹೊಲದಲ್ಲೇ ಇತ್ತು. ಧಣಿ ದೋಣಿ ಸಿದ್ಧ ಮಾಡಿಸಿ, ಪೂರಾ ಕೈಗಳೆಲ್ಲ ಮೊದಲು ಹತ್ತಲಿ, ಒಳನಾಡಿಗೆ ಹೋಗೋಣ ಎಂದು ಕೂಗಿಸಿದ.

ಬ್ರಿಸ್ಟಲ್ ಓಕ್ ಮರದ ಹತ್ತಿರ ಬಂದ. "ಟೈರಾ ಎಲ್ಲಿ?"

"ಜೌಗಿಗೆ ಹೋದ್ಲು. ಕೆಸರು ತರಕ್ಕೆ," ಎಂದಳು ಅಜ್ಜಿ.

"ಈಗಲಾ? ಕೆಸರು ಹಾಕೋದು ಚಳಿಗಾಲಕ್ಕಲ್ವಾ?"

"ಅವಳಿಗೆ ಕೆಲಸ ಅಂದ್ರೆ ಪ್ರಾಣ, ನಿಂಗೊತ್ತಲ್ಲ."

ಬ್ರಿಸ್ಟಲ್ ಜೌಗಿನ ಹುಲ್ಲಿನ ಕಡೆ ನೋಡಿದ. ಆಮೇಲೆ ಅದಕ್ಕೆ ಬೆನ್ನು ಹಾಕಿ, ಹತ್ತಿ ಕೊಟ್ಟಿಗೆಯಲ್ಲಿ ಹುಡುಕಿಕೊಂಡು ಹೋದ.

ಹುಲ್ಲಿನ ನಡುವೆ ಮೊಣಕಾಲುದ್ದ ಕೆಸರಿನಲ್ಲಿ ಟೈರಾ ಮಗಳನ್ನು ತಬ್ಬಿ ಕೂತಿದ್ದಳು. ದಂಡೆಯ ಮೇಲೆ ಧಣಿಯ ದನಿ ಹತ್ತಿರವಾಯಿತು. ಫಿರಂಗಿ ಗುಡುಗಿದಾಗ ಜೂಬಾಳ ತುಟಿ ಅಳುವಿಗೆ ತಿರುಗಿತು. ಟೈರಾ ಸರಕ್ಕನೆ ಅಂಗಿ ಬಿಚ್ಚಿ ಮೊಲೆ ಕೊಟ್ಟಳು. ಜೂಬಾ ಎರಡೂ ಕೈಯಿಂದ ತಳ್ಳಿ, "ನಾನು ದೊ..." ಎನ್ನುವಷ್ಟರಲ್ಲಿ ಟೈರಾ ಸೊಂಟದ ಗಂಟಿನಿಂದ ತಣ್ಣನೆಯ ಗೆಣಸು ತೆಗೆದು ಆ ಬಾಯಿಗೆ ತುರುಕಿದಳು. ಮಗು ತಿಂದಿತು. ದನಿ ದೂರವಾಯಿತು. ಬಹಳ ಹೊತ್ತಿನ ಮೇಲೆ ದೋಣಿಯ ಹುಟ್ಟಿನ ಸದ್ದೂ ನಿಂತಿತು.

ಧಣಿ ಬಿಟ್ಟುಹೋದ ದ್ವೀಪ ಉತ್ತರದವರ ಕೈಗೆ ಬಂತು. ಅವರಿಗೂ ಹತ್ತಿಯೇ ಬೇಕಾಗಿತ್ತು. ವಸಂತದಲ್ಲಿ ಒಬ್ಬ ಎಳೆಯ ಅಧಿಕಾರಿ ಬಂದು, ದೋಣಿ ಹತ್ತದೆ ಉಳಿದಿದ್ದ ಬ್ರಿಸ್ಟಲ್‌ನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಯಾರು ಪೂರಾ ಕೈ, ಯಾರು ಅರ್ಧ ಎಂದು ಒಬ್ಬೊಬ್ಬರನ್ನೇ ಕೇಳಿದ. ಈ ಸಲ ಕೂಲಿ ಸಿಗುತ್ತದೆ ಎಂದೂ ಹೇಳಿದ.

"ಮೊದಲು ಗೆಣಸು ನೆಡ್ತೀನಿ ಸ್ವಾಮಿ," ಎಂದಳು ಟೈರಾ. "ಹತ್ತಿ ಎಷ್ಟಾಗತ್ತೆ ಅಂತ ಆಮೇಲೆ ನಾನೇ ಬಂದು ಹೇಳ್ತೀನಿ."

ಯುದ್ಧ ಮುಗಿದ ಮೇಲೆ ಪಶ್ಚಿಮದಿಂದ ಬಂದವರನ್ನೆಲ್ಲ ಅವಳು ಕೇಟೋನ ಬಗ್ಗೆ ವಿಚಾರಿಸಿದಳು. ಅವನನ್ನು ಕಂಡವರು ಸಿಗಲಿಲ್ಲ. ಜೂಬಾಳ ಅಂಗಿಯ ಮೊದಲ ಎರಡು ಮಡಿಕೆಯನ್ನು ಆಗಲೇ ಬಿಚ್ಚಿಯಾಗಿತ್ತು. ಕೊನೆಯದನ್ನು ಟೈರಾ ತಾನೇ ಮೆಟ್ಟಿಲ ಮೇಲೆ ಕೂತು ಬಿಚ್ಚುತ್ತಿದ್ದಾಗ ಹೇಗರ್ ಅಜ್ಜಿ ಪಕ್ಕದಲ್ಲೇ ಪೈಪು ಸೇದುತ್ತಿದ್ದಳು.

"ನನ್ನ ಕೈಲಿ ಅಷ್ಟು ಸಲ ಗಂಟು ಎಳೆಸಿದ್ದೆಲ್ಲ ದಂಡ ಆಯ್ತಲ್ಲೇ," ಎಂದಳು.